ಹಳೇ ಮಿಲಿಟರಿ ವಾಚು ತಗೊಳ್ಳುವ ಮುಂಚೆ: ಎಚ್‌ಎಂಟಿ, ವೋಸ್ಟಾಕ್, ಡಬ್ಲ್ಯು 10 – ಯಾವುದು ಯಾರಿಗೆ?

ನಮ್ಮಪ್ಪ ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ ವಾಚಿಗೆ ಕೀ ಕೊಡುತ್ತಿದ್ದರು. ಕಿಟಕಿ ಹತ್ತಿರ ನಿಂತು, ಎರಡು ಬೆರಳಿನ ಮಧ್ಯೆ ಕೀ ಹಿಡಿದು, ನಿಧಾನಕ್ಕೆ. ಇನ್ನು ತಿರುಗುವುದಿಲ್ಲ ಅನ್ನಿಸಿದ ಕೂಡಲೇ ಬಿಟ್ಟುಬಿಡುತ್ತಿದ್ದರು. ಆ ಕಿರ್ ಕಿರ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಳೇ ವಾಚಿನ ಹುಚ್ಚು ನನಗೆ ಹತ್ತಿದ್ದು ಅಲ್ಲಿಂದಲೇ.

ಈಚೆಗೆ ಗೆಳೆಯರೂ ಅವರ ಮಕ್ಕಳೂ ಕೇಳುವ ಪ್ರಶ್ನೆ ಒಂದೇ. ‘ಒಂದು ಹಳೇ ಮಿಲಿಟರಿ ವಾಚು ಬೇಕು, ಯಾವುದು ತಗೊಳ್ಳಲಿ?’ ಕಪ್ಪು ಡಯಲ್, ದೊಡ್ಡ ಬಿಳಿ ಅಂಕಿ, ಬ್ಯಾಟರಿ ಇಲ್ಲದೆ ಕೀ ಕೊಟ್ಟರೆ ನಡೆಯುವಂಥದ್ದು. ಆ ಆಸೆ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಸೈನಿಕರಿಗೆ ಅಂತ ಮಾಡಿದ ವಾಚಿನಲ್ಲಿ ಬೇಡದ್ದು ಏನೂ ಇರುವುದಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಓಡುವಾಗ ಒಂದು ಸಲ ನೋಡಿದರೆ ಟೈಮ್ ಗೊತ್ತಾಗಬೇಕು. ಅಷ್ಟೇ ಅದರ ಕೆಲಸ. ಆ ಕೆಲಸವೇ ಅದಕ್ಕೆ ಒಂದು ಅಂದ ಕೊಟ್ಟಿದೆ.

ಸಿಗುವ ವಾಚುಗಳು ನೂರಾರು. ನಮ್ಮ ಕೈಗೆ ಎಟುಕುವ ನಾಲ್ಕು ಬಗೆಯನ್ನು ಮಾತ್ರ ಇಲ್ಲಿ ಹೋಲಿಸಿದ್ದೇನೆ: ನಮ್ಮ ಬೆಂಗಳೂರಿನ ಎಚ್‌ಎಂಟಿ ಪೈಲಟ್ ಮತ್ತು ಜವಾನ್, ರಷ್ಯಾದ ವೋಸ್ಟಾಕ್ ಕಮಾಂಡಿರ್ಸ್ಕಿ, ಬ್ರಿಟಿಷ್ ಸೇನೆಯ ಡಬ್ಲ್ಯು 10, ಎರಡನೇ ಮಹಾಯುದ್ಧದ ಕಾಲದ ಡಬ್ಲ್ಯು.ಡಬ್ಲ್ಯು.ಡಬ್ಲ್ಯು. (ವಾಚ್, ರಿಸ್ಟ್, ವಾಟರ್‌ಪ್ರೂಫ್ ಅನ್ನುವುದರ ಚಿಕ್ಕ ರೂಪ).

‘ಮಿಲಿಟರಿ ವಾಚು’ ಅಂದರೆ ಯಾವುದು?

ದುಡ್ಡು ಕಳೆದುಕೊಳ್ಳುವವರು ಎಡವುವುದು ಇಲ್ಲೇ. ಈ ಒಂದು ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ.

ಮೊದಲನೆಯದು, ಸರ್ಕಾರವೇ ಕೊಂಡು ಸೈನಿಕನ ಕೈಗೆ ಕೊಟ್ಟ ವಾಚು. ಅದು ಬಂದೂಕು, ಬೂಟಿನ ಹಾಗೆ ಸೇನೆಯ ಸ್ವತ್ತು. ಹಿಂಬದಿಯಲ್ಲಿ ನಂಬರ್ ಕೆತ್ತಿರುತ್ತಾರೆ. ಎರಡನೆಯದು, ರಕ್ಷಣಾ ಇಲಾಖೆಯ ಆರ್ಡರ್ ಮೇಲೆ ತಯಾರಾಗಿ, ಸೈನಿಕರ ಅಂಗಡಿಗಳಲ್ಲಿ ಮಾರಾಟವಾದದ್ದು. ಇದನ್ನು ಕೊಳ್ಳುವವರು ತಮ್ಮ ಸ್ವಂತ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದರು. ಮೂರನೆಯದು, ಹೆಸರು ಮತ್ತು ರೂಪ ಸೇನೆಯದ್ದು, ಮಾರಾಟ ಎಲ್ಲರಿಗೂ.

ಮೂರನೆಯದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ನನ್ನ ಕೈಯಲ್ಲಿ ದಿನಾ ಇರುವುದು ಅದೇ ಜಾತಿಯದ್ದು. ಆದರೆ ಮೂರನೇ ಬಗೆಯ ವಾಚಿಗೆ ಮೊದಲನೇ ಬಗೆಯ ಬೆಲೆ ಕೊಡಬಾರದು, ಅಲ್ವಾ?

ಇನ್ನೊಂದು ಪ್ರಶ್ನೆ ಇದೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಈ ವಾಚು ಕೆಟ್ಟರೆ ನಿಮ್ಮ ಊರಿನಲ್ಲಿ ಯಾರು ರಿಪೇರಿ ಮಾಡುತ್ತಾರೆ? ಕೀ ಕೊಡುವ ವಾಚು ಕೆಡದೆ ಇರುವುದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಬಿಡಲೇಬೇಕು. ಅದಕ್ಕೇ ಕಂಪನಿಯ ಕಥೆಯೂ ಮುಖ್ಯ. ಅದು ಎಲ್ಲಿ ಹುಟ್ಟಿತು, ಎಷ್ಟು ವಾಚು ಮಾಡಿತು, ಈಗ ಇದೆಯಾ ಇಲ್ಲವಾ ಅನ್ನುವುದರ ಮೇಲೆ ಬಿಡಿಭಾಗ ಸಿಗುತ್ತದೋ ಇಲ್ಲವೋ ನಿಂತಿದೆ.

ಎಚ್‌ಎಂಟಿ: ಜಾಲಹಳ್ಳಿಯ ವಾಚು

ಹಿಂದುಸ್ತಾನ್ ಮಷೀನ್ ಟೂಲ್ಸ್ ಶುರುವಾಗಿದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ. ಆಗ ಅದಕ್ಕೂ ವಾಚಿಗೂ ಸಂಬಂಧ ಇರಲಿಲ್ಲ. ಲೇತ್‌ನಂಥ ಯಂತ್ರಗಳನ್ನು ಮಾಡುವ ಸರ್ಕಾರಿ ಕಾರ್ಖಾನೆ ಅದು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ ತಾಂತ್ರಿಕ ನೆರವು ಕೊಟ್ಟಿತ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಲೋಹ ಕಡೆಯುವುದನ್ನು ಕಲಿತ ಜಾಗದಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ವಾಚಿನ ಕೆಲಸ ಶುರುವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ.

ಆಮೇಲೆ ತುಮಕೂರು, ಶ್ರೀನಗರ, ರಾಣಿಬಾಗ್‌ನಲ್ಲೂ ಕಾರ್ಖಾನೆಗಳು ಬಂದವು. ಜನತಾ, ಸೋನಾ, ಕಾಂಚನ್, ಕೊಹಿನೂರ್, ಪೈಲಟ್, ಜವಾನ್. ಈ ಹೆಸರುಗಳನ್ನು ಕೇಳಿದರೆ ಒಂದು ತಲೆಮಾರಿಗೆ ಮದುವೆ ಮನೆಯೇ ನೆನಪಾಗುತ್ತದೆ. ವರನ ಕೈಗೆ ವಾಚು ಕಟ್ಟದ ಮದುವೆ ಆಗ ಕಡಿಮೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೂ ಅದೇ, ರಿಟೈರ್ ಆದವರಿಗೂ ಅದೇ.

ಜವಾನ್ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕನ್ನಡದಲ್ಲಿ ಜವಾನ ಅಂದರೆ ಆಫೀಸಿನಲ್ಲಿ ಫೈಲು ತಂದುಕೊಡುವವನು. ಇಲ್ಲಿ ಅದು ಹಿಂದಿಯ ಜವಾನ್, ಅಂದರೆ ಸಿಪಾಯಿ. ಪೈಲಟ್ ಅಂತೂ ಹೆಸರಿಗೆ ತಕ್ಕ ಹಾಗೇ ಇದೆ. ಕಪ್ಪು ಡಯಲ್, ಸ್ಪಷ್ಟವಾದ ಅಂಕಿ, ನಡುವಿನಿಂದ ಹೊರಟ ಉದ್ದ ಸೆಕೆಂಡ್ ಮುಳ್ಳು. ಅಗಲ 35 ಮಿಲಿಮೀಟರ್ ಆಸುಪಾಸು. ಈಗಿನ ದೊಡ್ಡ ವಾಚು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಮೊದಲು ಚಿಕ್ಕದು ಅನ್ನಿಸುತ್ತದೆ. ಒಂದು ವಾರ ಕಟ್ಟಿ ನೋಡಿ. ಅಂಗಿಯ ತೋಳಿನೊಳಗೆ ಸಲೀಸಾಗಿ ಹೋಗುತ್ತದೆ, ಕೈಗೆ ಭಾರವೂ ಆಗುವುದಿಲ್ಲ.

ಒಳಗಿರುವುದು 17 ಜ್ಯುವೆಲಿನ (ಅಚ್ಚು ತಿರುಗುವ ಕಡೆ ಸವೆಯದ ಹಾಗೆ ಕೂರಿಸಿದ ಪುಟ್ಟ ಕಲ್ಲುಗಳು), ಕೀ ಕೊಡುವ ಮಶೀನು. ಸಿಟಿಜನ್ ಕಲಿಸಿಕೊಟ್ಟ ವಿದ್ಯೆಯಿಂದ ಬಂದದ್ದು. ಡಯಲ್ ಮೇಲೆ ‘ಪ್ಯಾರಾ ಶಾಕ್’ ಅಂತ ಇರುತ್ತದೆ ನೋಡಿ, ಆ ಪದವೂ ಸಿಟಿಜನ್ನಿನದ್ದೇ. ವಾಚು ಬಿದ್ದಾಗ ತೂಗುಚಕ್ರದ ಸೂಜಿಮೊನೆಯಂಥ ಅಚ್ಚು ಮುರಿಯದ ಹಾಗೆ ಅದರ ಎರಡೂ ಕಡೆ ಪುಟ್ಟ ಸ್ಪ್ರಿಂಗ್ ಇರುತ್ತದೆ. ಪೆಟ್ಟು ಬಿದ್ದರೆ ಅಚ್ಚು ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಬರುತ್ತದೆ. ಸೈಕಲ್ ತುಳಿಯುವವರು, ಹೊಲದಲ್ಲಿ ಕೆಲಸ ಮಾಡುವವರು, ಲೇತ್ ಮುಂದೆ ನಿಲ್ಲುವವರು ಈ ವಾಚುಗಳನ್ನು ದಶಕಗಟ್ಟಲೆ ಕಟ್ಟಿಕೊಂಡರೂ ಅವು ತಡೆದುಕೊಂಡದ್ದು ಇದರಿಂದ.

ಕೊಳ್ಳುವವರಿಗೆ ಇನ್ನೊಂದು ಅನುಕೂಲ ಇದೆ. ಜನತಾ, ಪೈಲಟ್, ಜವಾನ್ ಎಲ್ಲಕ್ಕೂ ಒಂದೇ ಮನೆತನದ ಮಶೀನು. ಕೆಟ್ಟು ಮೂಲೆಯಲ್ಲಿ ಬಿದ್ದ ಒಂದು ಜನತಾ ನಿಮ್ಮ ಪೈಲಟ್‌ಗೆ ಚಕ್ರವನ್ನೋ ಸ್ಪ್ರಿಂಗನ್ನೋ ಕೊಡಬಲ್ಲದು. ಊರೂರಿನ ಹಳೇ ರಿಪೇರಿಯವರು ಈ ಮಶೀನನ್ನು ಕಣ್ಣುಮುಚ್ಚಿ ಬಿಚ್ಚುತ್ತಾರೆ. ಅವರು ಕೆಲಸ ಕಲಿತದ್ದೇ ಇದರ ಮೇಲೆ.

ಕಾರ್ಖಾನೆ ಮಾತ್ರ ಉಳಿಯಲಿಲ್ಲ. ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚು ಬಂತು. 1984ರಲ್ಲಿ ಟೈಟನ್ ಶುರುವಾಗಿ, ಪಕ್ಕದ ಹೊಸೂರಿನಿಂದ ಹೊಸ ನಮೂನೆಯ ವಾಚು ಹೊರಡತೊಡಗಿದವು. ಎಚ್‌ಎಂಟಿ ಕೀ ಕೊಡುವ ವಾಚನ್ನು ತುಂಬಾ ಕಾಲ ನೆಚ್ಚಿಕೊಂಡಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ. ನನಗೆ ಇದು ಈಗಲೂ ನೋವಿನ ವಿಷಯ. ಅಷ್ಟು ಚೆನ್ನಾಗಿ ಕೆಲಸ ಕಲಿತ ಅಷ್ಟೊಂದು ಕೈಗಳು ಅಲ್ಲಿದ್ದವು.

ಪೈಲಟ್ ಮೇಲೆ ಬಣ್ಣ ಬಳಿದವರು

ಕಾರ್ಖಾನೆ ಮುಚ್ಚುತ್ತಿದ್ದಂತೆ ಹಳೇ ವಾಚಿಗೆ ಬೇಡಿಕೆ ಜಾಸ್ತಿ ಆಯಿತು. ಬೇಡಿಕೆಯ ಹಿಂದೆಯೇ ಮೋಸವೂ ಬಂತು. ನಾನು ಆನ್‌ಲೈನಿನಲ್ಲಿ ತಗೊಂಡ ಮೊದಲ ಪೈಲಟ್ ನೋಡಲು ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ನಮ್ಮ ಬೀದಿಯ ರಿಪೇರಿ ಅಂಗಡಿಯ ತಾತ ಭೂತಗನ್ನಡಿ ಕಣ್ಣಿಗೆ ಇಟ್ಟು ಒಂದು ಕ್ಷಣ ನೋಡಿದರು. ‘ಮಶೀನು ಎಚ್‌ಎಂಟಿದೇ ಮಗಾ, ಡಯಲ್ ಮಾತ್ರ ನಿನ್ನೆ ಮೊನ್ನೆ ಬಳಿದದ್ದು’ ಅಂದರು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡು ಹೋಯಿತು ಅಂತ ಅಷ್ಟಾಗಿ ಅಲ್ಲ. ಅಪ್ಪನ ಕಾಲದ ಒಂದು ವಸ್ತು ಅಂತ ನಂಬಿ ಕಟ್ಟಿಕೊಂಡಿದ್ದೆನಲ್ಲ, ಅದಕ್ಕೆ.

ಬೇರೆ ಬೇರೆ ವಾಚಿನ ಭಾಗ ಜೋಡಿಸಿ, ಹಳೇ ಡಯಲ್‌ಗೆ ಹೊಸ ಬಣ್ಣ ಬಳಿದು ಮಾರುವುದು ದೊಡ್ಡ ವ್ಯಾಪಾರವೇ ಆಗಿದೆ. ಪೈಲಟ್ ಅಂದರೆ ಕಪ್ಪು. ಕಿತ್ತಳೆ, ಗಿಳಿಹಸಿರು, ಅರಿಶಿನ ಬಣ್ಣದ ಪೈಲಟ್ ಕಂಡರೆ ಅದು ಆಮೇಲೆ ಬಳಿದದ್ದು ಅಂತಲೇ ತಿಳಿಯಿರಿ. ಕಪ್ಪು ಡಯಲ್ ಆದರೂ ನೋಡುವುದು ಬೇಕಾದಷ್ಟಿದೆ. ಸಣ್ಣ ಅಕ್ಷರ ಕಡ್ಡಿ ಕೊರೆದ ಹಾಗೆ ಚೂಪಾಗಿರಬೇಕು. ಮತ್ತೆ ಬಳಿದದ್ದರಲ್ಲಿ ಶಾಯಿ ಹರಡಿಕೊಂಡು ಅಕ್ಷರ ದಪ್ಪ ಆಗಿರುತ್ತದೆ. ನಿಮಿಷದ ಗೆರೆಗೂ ಗಂಟೆಯ ಅಂಕಿಗೂ ನೇರ ಕೂಡುವುದಿಲ್ಲ. ಕೇಸು ಪೂರ್ತಿ ಗೀರಿದ್ದು, ಡಯಲ್ ಮಾತ್ರ ಕನ್ನಡಿಯ ಹಾಗಿದ್ದರೆ ಅನುಮಾನ ಪಡಿ. ಅಲ್ಲಲ್ಲಿ ಕಲೆ ಬಿದ್ದ, ಸ್ವಲ್ಪ ಮಾಸಿದ ಡಯಲ್ಲೇ ನನಗೆ ಹೆಚ್ಚು ನಂಬಿಕೆಯದ್ದು.

ಮಾರುವವರನ್ನು ಹಿಂಬದಿ ಬಿಚ್ಚಿದ ಫೋಟೋ ಕೇಳಿ. ಮಶೀನಿನ ಮೇಲೆ ಎಚ್‌ಎಂಟಿ ಹೆಸರು, 17 ಜ್ಯುವೆಲ್ ಅನ್ನುವ ಅಕ್ಷರ ಕಾಣಬೇಕು. ಕಳಿಸಲು ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಇನ್ನೊಂದು ವಿಷಯ: ಡಯಲ್ ಮೇಲೆ ಪೈಲಟ್ ಅಂತ ಇದ್ದ ಮಾತ್ರಕ್ಕೆ ಅದು ವಾಯುಪಡೆಯವರ ಕೈಯಲ್ಲಿ ಇದ್ದದ್ದು ಅಂತ ಆಗುವುದಿಲ್ಲ. ಶೋರೂಮಿನಲ್ಲಿ ಮೇಷ್ಟ್ರೂ ಕೊಂಡರು, ಗುಮಾಸ್ತರೂ ಕೊಂಡರು. ‘ಯುದ್ಧದಲ್ಲಿ ಬಳಸಿದ್ದು’ ಅಂತ ಕಥೆ ಕಟ್ಟಿ ಜಾಸ್ತಿ ಕೇಳಿದರೆ ಕಾಗದ ಪತ್ರ ತೋರಿಸಿ ಅನ್ನಿ.

ವೋಸ್ಟಾಕ್ ಕಮಾಂಡಿರ್ಸ್ಕಿ

ಇದರ ಊರು ಚಿಸ್ತೊಪೊಲ್. ರಷ್ಯಾದ ತತಾರ್‌ಸ್ತಾನದಲ್ಲಿ, ಕಾಮಾ ನದಿಯ ದಡದಲ್ಲಿದೆ. 1941ರಲ್ಲಿ ಜರ್ಮನ್ ಸೇನೆ ಮಾಸ್ಕೋ ಹತ್ತಿರ ಬಂದಾಗ ಎರಡನೇ ಮಾಸ್ಕೋ ವಾಚ್ ಕಾರ್ಖಾನೆಯ ಯಂತ್ರಗಳನ್ನು ಅಲ್ಲಿಂದ ಎತ್ತಿ ಇಲ್ಲಿಗೆ ತಂದರು. ವಾಚು ಮಾಡುವ ಯಂತ್ರ ಅಂದರೆ ಯುದ್ಧದಲ್ಲಿ ಬೇರೆ ಕೆಲಸಕ್ಕೂ ಬರುವಂಥದ್ದು. ಅದು ಶತ್ರುವಿನ ಕೈಗೆ ಸಿಗಬಾರದಿತ್ತು. ಹಾಗೆ ಜೀವ ಉಳಿಸಿಕೊಂಡು ಬಂದ ಕಾರ್ಖಾನೆಯೇ ಮುಂದೆ ವೋಸ್ಟಾಕ್ ಆಯಿತು. 1965ರಲ್ಲಿ ಸೋವಿಯತ್ ರಕ್ಷಣಾ ಇಲಾಖೆಗೆ ಅಧಿಕೃತವಾಗಿ ವಾಚು ಪೂರೈಸುವ ಕಂಪನಿಯಾಯಿತು.

ಕಮಾಂಡಿರ್ಸ್ಕಿ ಅಂದರೆ ಕಮಾಂಡರ್‌ನ ವಾಚು. ಹಳೆಯ ಕೆಲವು ಡಯಲ್‌ಗಳ ಮೇಲೆ ರಷ್ಯನ್ ಲಿಪಿಯಲ್ಲಿ ‘ಸೋವಿಯತ್ ಒಕ್ಕೂಟದ ರಕ್ಷಣಾ ಇಲಾಖೆಯ ಆರ್ಡರ್’ ಅಂತ ಅರ್ಥ ಬರುವ ಒಂದು ಸಾಲು ಇರುತ್ತದೆ. ಇವು ಸೈನಿಕರ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ನಾನು ಮೇಲೆ ಹೇಳಿದ ಎರಡನೇ ಬಗೆ. ಆ ಸಾಲು ಇದ್ದರೆ ಬೆಲೆ ಸ್ವಲ್ಪ ಏರುತ್ತದೆ. ಅದಕ್ಕೇ ಆ ಸಾಲಿರುವ ಡಯಲನ್ನು ಬೇರೆ ಕೇಸಿಗೆ ಹಾಕಿ ಕೊಡುವವರೂ ಇದ್ದಾರೆ.

ಟ್ಯಾಂಕು, ವಿಮಾನ, ಪ್ಯಾರಾಚೂಟು, ನಕ್ಷತ್ರ, ಡಯಲ್ ಮೇಲೆ ನೂರೆಂಟು ಚಿತ್ರ. ಎಚ್‌ಎಂಟಿಯ ಸಾದಾತನ ಇಷ್ಟಪಡುವವರಿಗೆ ಇದು ಗದ್ದಲ ಅನ್ನಿಸಬಹುದು. ಒಳಗಿರುವುದು 17 ಜ್ಯುವೆಲಿನ ಗಟ್ಟಿ ಮಶೀನು. ಕೀ ಬಿಚ್ಚಿದಾಗ ಸಡಿಲವಾಗಿ ಅಲ್ಲಾಡುತ್ತದೆ. ಮೊದಲ ಸಲ ಕೊಂಡವರು ಕೆಟ್ಟಿದೆ ಅಂತ ಹೆದರುತ್ತಾರೆ. ಕೆಟ್ಟಿಲ್ಲ. ಕೀಗೆ ಪೆಟ್ಟು ಬಿದ್ದರೆ ಒಳಗಿನ ಕಡ್ಡಿಗೆ ಅದು ತಾಗದಿರಲಿ ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ತಿರುಪಿನ ಹಾಗೆ ಬಿಗಿದರೆ ಅಲುಗಾಟ ನಿಲ್ಲುತ್ತದೆ.

ತಾರೀಖು ಇರುವ ವಾಚುಗಳಲ್ಲಿ ತಾರೀಖು ಬದಲಿಸಲು ಮುಳ್ಳನ್ನು ಮಧ್ಯರಾತ್ರಿ ದಾಟಿಸಿ ಮತ್ತೆ ಮತ್ತೆ ತಿರುಗಿಸಬೇಕು. ಅದು ಒಂದು ಕಿರಿಕಿರಿ. ಕಂಪನಿ ಈಗಲೂ ಹೊಸ ವಾಚು ಮಾಡುತ್ತಿರುವುದರಿಂದ ಮಶೀನಿನ ಭಾಗ ಸಿಗುತ್ತದೆ. ನಮ್ಮ ರಿಪೇರಿಯವರ ಡಬ್ಬಿಯಲ್ಲಿ ಅದು ಇರುವುದಿಲ್ಲ ಅಷ್ಟೇ, ತರಿಸಿಕೊಡಬೇಕು. ಹಳೇ ಕೇಸುಗಳು ಹಿತ್ತಾಳೆಯ ಮೇಲೆ ಕ್ರೋಮ್ ಲೇಪ ಹಾಕಿದವು. ಬೆವರುವ ಕೈಗೆ, ಅದರಲ್ಲೂ ಮಂಗಳೂರು ಕಡೆಯ ಸೆಕೆಗೆ, ಲೇಪ ಏಳುತ್ತದೆ. ಕೊಳ್ಳುವಾಗ ಪಟ್ಟಿ ಸಿಕ್ಕಿಸುವ ಮೂಲೆಗಳನ್ನು ನೋಡಿ.

ಡಬ್ಲ್ಯು 10: ಸೇನೆಯೇ ಕೊಟ್ಟ ವಾಚು

ನಿಜವಾಗಿ ಸೈನಿಕನಿಗೆ ಕೊಟ್ಟ ವಾಚೇ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನು. ಡಬ್ಲ್ಯು 10 ಅನ್ನುವುದು ಬ್ರಿಟಿಷ್ ಭೂಸೇನೆಯ ಸಾಮಾನಿನ ಗುರುತು, ಕಂಪನಿಯ ಹೆಸರಲ್ಲ. ಹಿಂಬದಿಯಲ್ಲಿ ಆ ಗುರುತು, ನಂಬರ್, ವರ್ಷ, ಜೊತೆಗೆ ಬಾಣದ ತುದಿಯಂಥ ಚಿಹ್ನೆ ಕೆತ್ತಿರುತ್ತಾರೆ. ಆ ಬಾಣ ಅಂದರೆ ಸರ್ಕಾರದ ಸ್ವತ್ತು ಅಂತ ಅರ್ಥ.

1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲೇ ಸ್ಮಿತ್ಸ್ ಕಂಪನಿ ಇದನ್ನು ಮಾಡಿತು. ಅದು ಈಗ ದುಬಾರಿ. ಆಮೇಲೆ ಬಂದದ್ದು ಹ್ಯಾಮಿಲ್ಟನ್. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ 1892ರಲ್ಲಿ ಹುಟ್ಟಿ, ರೈಲ್ವೆ ವಾಚಿನಿಂದ ಹೆಸರು ಮಾಡಿದ ಕಂಪನಿ. ಎರಡನೇ ಮಹಾಯುದ್ಧದಲ್ಲಿ ಜನರಿಗೆ ವಾಚು ಮಾರುವುದನ್ನೇ ನಿಲ್ಲಿಸಿ ಸೇನೆಗೆ ಮಾತ್ರ ಮಾಡಿತ್ತು. 1973ರಿಂದ 1976ರವರೆಗೆ ಬ್ರಿಟಿಷ್ ಸೇನೆಗೆ ಡಬ್ಲ್ಯು 10 ಕೊಟ್ಟಿತು. ಹ್ಯಾಮಿಲ್ಟನ್ನಿನ ಬ್ರಿಟನ್ ಶಾಖೆ ನಡೆಸುತ್ತಿದ್ದ ರೇ ಮೆಲರ್ 1972ರಲ್ಲಿ ಸ್ವಂತ ಕಂಪನಿ ಕಟ್ಟಿದ್ದರು. ಹೆಸರು ಕ್ಯಾಬಟ್ ವಾಚ್ ಕಂಪನಿ, ಚಿಕ್ಕದಾಗಿ ಸಿಡಬ್ಲ್ಯುಸಿ. 1976ರಿಂದ ಈ ಕೆಲಸ ಅವರ ಕೈಗೆ ಬಂತು. 1980ರಲ್ಲಿ ಸೇನೆ ಕ್ವಾರ್ಟ್ಜ್‌ಗೆ ಬದಲಾಯಿತು. ಅಂದರೆ ಕೀ ಕೊಡುವ ಸಿಡಬ್ಲ್ಯುಸಿ ಸೇನೆಗೆ ಹೋದದ್ದು ನಾಲ್ಕೈದು ವರ್ಷ ಮಾತ್ರ.

ಕೆಲಸದ ದೃಷ್ಟಿಯಿಂದ ಹ್ಯಾಮಿಲ್ಟನ್, ಸಿಡಬ್ಲ್ಯುಸಿ ಎರಡೂ ಅಣ್ಣತಮ್ಮಂದಿರು. ಎರಡರಲ್ಲೂ ಸ್ವಿಟ್ಜರ್ಲೆಂಡಿನ ಇಟಿಎ ಕಂಪನಿಯ ಮಶೀನು, 17 ಜ್ಯುವೆಲ್. ಕೀ ಎಳೆದರೆ ಸೆಕೆಂಡ್ ಮುಳ್ಳು ನಿಂತುಬಿಡುತ್ತದೆ. ಹತ್ತು ಜನ ಸೈನಿಕರು ಒಟ್ಟಿಗೆ ವಾಚು ನಿಲ್ಲಿಸಿ, ಒಬ್ಬರು ‘ಈಗ’ ಅಂದ ಕೂಡಲೇ ಕೀ ಒತ್ತಿದರೆ ಹತ್ತೂ ವಾಚು ಒಂದೇ ಸೆಕೆಂಡಿಗೆ ಹೊರಡುತ್ತವೆ. ಇದಕ್ಕಾಗಿಯೇ ಆ ಏರ್ಪಾಡು. ಕೇಸಿಗೆ ಹಿಂಬದಿ ಮುಚ್ಚಳ ಇಲ್ಲ, ಒಂದೇ ತುಂಡು. ಗಾಜು ತೆಗೆದು ಮುಂದಿನಿಂದ ಬಿಚ್ಚಬೇಕು. ಅದನ್ನು ಗೊತ್ತಿಲ್ಲದವರ ಕೈಗೆ ಕೊಟ್ಟರೆ ಹಿಂಬದಿ ಕೆರೆದು ಹಾಳು ಮಾಡುತ್ತಾರೆ. ಮೊದಲೇ ಕೇಳಿ ಕೊಡಿ. ಪಟ್ಟಿ ಸಿಕ್ಕಿಸುವ ಕಡ್ಡಿಗಳನ್ನೂ ಬೆಸೆದೇ ಇಟ್ಟಿದ್ದಾರೆ. ಸುಮ್ನೆ ಲೆದರ್ ಬೆಲ್ಟ್ ಹಾಕಲು ಆಗುವುದಿಲ್ಲ. ಒಂದೇ ಉದ್ದಕ್ಕೆ ಹಾಯಿಸುವ ನೈಲಾನ್ ಪಟ್ಟಿ ಬೇಕು.

ಎರಡರಲ್ಲಿ ನಾನು ಆರಿಸುವುದು ಸಿಡಬ್ಲ್ಯುಸಿ. ಹೆಸರಿನ ಬೆಲೆ ಕಡಿಮೆ, ವಾಚು ಅದೇ.

ಡಬ್ಲ್ಯು.ಡಬ್ಲ್ಯು.ಡಬ್ಲ್ಯು. ಮತ್ತು ರೇಡಿಯಂ

ಇವು 1945ರ ಹೊತ್ತಿಗೆ ಬ್ರಿಟಿಷ್ ಸೇನೆಗೆ 12 ಸ್ವಿಸ್ ಕಂಪನಿಗಳು ಒಂದೇ ನಮೂನೆಯಲ್ಲಿ ಮಾಡಿಕೊಟ್ಟ ವಾಚುಗಳು. ಒಮೆಗಾ, ಲಾಂಜೀನ್, ಐಡಬ್ಲ್ಯುಸಿ, ಸೈಮಾ, ಟೈಮರ್, ವರ್ಟೆಕ್ಸ್ ಇವುಗಳಲ್ಲಿ ಕೆಲವು. ಕಪ್ಪು ಡಯಲ್, 6ರ ಹತ್ತಿರ ಪುಟ್ಟ ಸೆಕೆಂಡ್ ಮುಳ್ಳು. ಅತಿ ಅಪರೂಪದ್ದು ಗ್ರಾನಾ. ಕಣ್ಣಿಗೆ ಇವಕ್ಕಿಂತ ಚೆಂದದ ಸೇನಾ ವಾಚು ನಾನು ನೋಡಿಲ್ಲ. ಬೆಲೆ ಲಕ್ಷದ ಲೆಕ್ಕ.

ಆದರೆ ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವ ಏನನ್ನಾದರೂ ನಾವು ರೇಡಿಯಂ ಅಂತಲೇ ಕರೆಯುತ್ತೇವೆ. ಬೈಕಿನ ಹಿಂದಿನ ಸ್ಟಿಕರ್ ಕೂಡ ನಮಗೆ ರೇಡಿಯಂ. ಆ ಸ್ಟಿಕರಿನಲ್ಲಿ ರೇಡಿಯಂ ಇಲ್ಲ. ಈ ವಾಚುಗಳ ಮೂಲ ಡಯಲ್‌ಗಳಲ್ಲಿ ನಿಜವಾದ ರೇಡಿಯಂ ಇದೆ. ಅದರ ಹೊಳಪು ಎಂದೋ ಸತ್ತಿರುತ್ತದೆ. ವಿಕಿರಣ ಸತ್ತಿಲ್ಲ, ಅದು ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ತೆಗೆದು ಮುಳ್ಳು ಕೆರೆದರೆ ಆ ಪುಡಿ ಉಸಿರಿನಲ್ಲಿ ಒಳಗೆ ಹೋಗಬಹುದು. ಅಪಾಯ ಇರುವುದು ಅಲ್ಲಿ. ಮನೆಯಲ್ಲಿ ಬಿಚ್ಚಬೇಡಿ. ರಿಪೇರಿಗೆ ಕೊಡುವಾಗ ಈ ವಿಷಯ ಬಾಯಿ ಬಿಟ್ಟು ಹೇಳಿ, ಅವರ ಆರೋಗ್ಯವೂ ಮುಖ್ಯ. ಡಬ್ಲ್ಯು 10 ಡಯಲ್ ಮೇಲೆ ವೃತ್ತದೊಳಗೆ ಇಂಗ್ಲಿಷ್ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಂ, ಹೊಳಪಿಗಾಗಿ ಬಳಸಿದ ಇನ್ನೊಂದು ವಿಕಿರಣ ವಸ್ತು. ಅದು ಸುಮಾರು 12 ವರ್ಷಕ್ಕೊಮ್ಮೆ ಅರ್ಧ ಆಗುತ್ತಾ ಬರುತ್ತದೆ. 1970ರ ದಶಕದ ವಾಚಿನಲ್ಲಿ ಈಗ ಉಳಿದಿರುವುದು ತೀರಾ ಕಡಿಮೆ.

ಹಾಗಾದರೆ ಯಾವುದು?

ಇದು ನಿಮ್ಮ ಮೊದಲ ಕೀ ವಾಚಾದರೆ, ದಿನಾ ಕಟ್ಟುವುದಾದರೆ, ಕರ್ನಾಟಕದಲ್ಲೇ ಇರುವವರಾದರೆ, ಎಚ್‌ಎಂಟಿ ತಗೊಳ್ಳಿ. ಕೆಲವೇ ಸಾವಿರದ ಮಾತು. ಪೈಲಟ್‌ಗೆ ಬೇಡಿಕೆ ಜಾಸ್ತಿ, ಹಾಗಾಗಿ ಬಳಿದ ಡಯಲ್‌ಗಳೂ ಅದರಲ್ಲೇ ಜಾಸ್ತಿ. ಒಳ್ಳೆಯ ಜವಾನ್ ಸಿಕ್ಕರೆ ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇನ್ನೂ ಮುಂಚೆ, ಮನೆಯ ಬೀರುವಿನಲ್ಲಿ, ಅಜ್ಜನ ಟ್ರಂಕಿನಲ್ಲಿ ಒಮ್ಮೆ ಹುಡುಕಿ. ಅಲ್ಲಿ ಸಿಕ್ಕ ಜನತಾಗೆ ಸರ್ವಿಸ್ ಮಾಡಿಸಿದರೆ ಅದರ ಸಮಕ್ಕೆ ಯಾವುದೂ ಬರುವುದಿಲ್ಲ.

ಕೈ ದೊಡ್ಡದು, 35 ಮಿಲಿಮೀಟರ್ ಚಿಕ್ಕದಾಗುತ್ತದೆ, ಚಿತ್ರ ಬಣ್ಣ ಇಷ್ಟ ಅನ್ನುವವರಿಗೆ ವೋಸ್ಟಾಕ್. ದುಡ್ಡು ಹೆಚ್ಚುಕಮ್ಮಿ ಎಚ್‌ಎಂಟಿಯ ಹಾಗೇ. ಕಾಗದಕ್ಕೆ, ನಂಬರಿಗೆ, ನಿಜವಾದ ಸೇವೆಗೆ ಬೆಲೆ ಕೊಡುವವರಿಗೆ ಸಿಡಬ್ಲ್ಯುಸಿಯ ಡಬ್ಲ್ಯು 10. ಹತ್ತಾರು ಸಾವಿರ ಬೇಕು. ವಿದೇಶದಿಂದ ತರಿಸಿದರೆ ಅದರ ಮೇಲೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕ ಹಾಕಿ. ಲಂಡನ್ನಿನಲ್ಲೋ ಬ್ರಿಸ್ಟಲ್‌ನಲ್ಲೋ ಇರುವ ನಮ್ಮವರಿಗೆ ಇದು ಸುಲಭ, ಅಲ್ಲಿನ ರಿಪೇರಿಯವರಿಗೆ ಈ ಮಶೀನು ಗೊತ್ತು. ಮೂರು ಡಬ್ಲ್ಯು ಬೇಕೆಂದರೆ ಮೊದಲು ಎರಡು ವರ್ಷ ಬೇರೆ ವಾಚು ಕಟ್ಟಿ, ಡಯಲ್ ಓದುವುದನ್ನು ಕಲಿಯಿರಿ.

ಯಾವುದೇ ತಗೊಳ್ಳಿ, ಮನೆಗೆ ಬಂದ ಕೂಡಲೇ ಸರ್ವಿಸ್‌ಗೆ ಕೊಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿದ್ದರೂ ವಾಚು ನಡೆಯುತ್ತದೆ, ನಡೆಯುತ್ತಲೇ ಸವೆಯುತ್ತದೆ. ಹಿಂಬದಿಯಲ್ಲಿ ‘ವಾಟರ್‌ಪ್ರೂಫ್’ ಅಂತ ಬರೆದಿದ್ದರೂ ನಂಬಬೇಡಿ. 40 ವರ್ಷದ ರಬ್ಬರ್ ನೀರು ತಡೆಯುವುದಿಲ್ಲ. ಜೂನ್‌ನಿಂದ ಮಳೆ ನಿಲ್ಲುವವರೆಗೆ ಹೊರಗೆ ಹೋಗುವಾಗ ಬೇರೆ ವಾಚು ಕಟ್ಟಿ. ಮೊಬೈಲಿನ ಪಕ್ಕ, ಸ್ಪೀಕರಿನ ಮೇಲೆ ಇಡಬೇಡಿ. ಅಯಸ್ಕಾಂತ ಹಿಡಿದರೆ ವಾಚು ವಿಪರೀತ ಮುಂದೆ ಓಡುತ್ತದೆ. ಕೀ ದಿನಾ ಒಂದೇ ಹೊತ್ತಿಗೆ ಕೊಡಿ.

ಎಚ್‌ಎಂಟಿ ಅಂತ ಮನಸ್ಸು ಮಾಡಿದರೆ, ದುಡ್ಡು ಕೊಡುವ ಮುಂಚೆ ಒಂದು ದಿನ ಜಾಲಹಳ್ಳಿಗೆ ಹೋಗಿ. ಅಲ್ಲಿ ಎಚ್‌ಎಂಟಿಯವರದ್ದೇ ಹೆರಿಟೇಜ್ ಮ್ಯೂಸಿಯಂ ಇದೆ, ಹಳೇ ವಾಚುಗಳನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರ ಹೇಗಿರುತ್ತದೆ, ಅಂಕಿಯ ಅಂಚು ಹೇಗಿರುತ್ತದೆ, ಕಪ್ಪು ಎಷ್ಟು ಕಪ್ಪು ಅಂತ ಸಮಾಧಾನವಾಗಿ ನೋಡಿ. ಅದನ್ನು ಕಣ್ಣಲ್ಲಿ ತುಂಬಿಕೊಂಡು ಬಂದು ಫೋನಿನಲ್ಲಿ ಮಾರುವವರು ಕಳಿಸಿದ ಫೋಟೋ ತೆಗೆದರೆ, ಬಳಿದ ಡಯಲ್ ಯಾವುದು ಅಂತ ನಿಮಗೇ ಕಾಣುತ್ತದೆ.